ಹತ್ತು ಮಂದಿ ಕೂರುವ ಜಾಗ

1961ರಲ್ಲಿ ಜಪಾನಿನ ತಮಿಯಾ ಕಂಪನಿ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಪ್ಲಾಸ್ಟಿಕ್ ಕಿಟ್ ಒಂದನ್ನು ಮಾರುಕಟ್ಟೆಗೆ ತಂದಿತು. ಜೋಡಿಸಿ ಮುಗಿಸಿದ ಮೇಲೆ ಆ ಟ್ಯಾಂಕು ನೆಲದ ಮೇಲೆ ತಾನೇ ಓಡಬೇಕಿತ್ತು. ಅದಕ್ಕೆ ಮೋಟಾರು ಬೇಕು, ಬ್ಯಾಟರಿ ಬೇಕು, ಗೇರುಗಳು ಬೇಕು. ಇವೆಲ್ಲ ಹಿಡಿಸುವಷ್ಟು ಒಡಲನ್ನು ದೊಡ್ಡದು ಮಾಡಿದರು. ಆಮೇಲೆ ಅಳೆದು ನೋಡಿದರೆ ಮಾದರಿ ಅಸಲಿ ಟ್ಯಾಂಕಿನ ಸುಮಾರು 35ನೇ ಒಂದು ಭಾಗದಷ್ಟಿತ್ತು. ಮುಂದಿನ ಕಿಟ್‌ಗಳಿಗೂ ಕಂಪನಿ ಅದೇ ಅಳತೆಯನ್ನು ಇಟ್ಟುಕೊಂಡಿತು. ಇಂದು ಮಿಲಿಟರಿ ಮಾದರಿಗಳನ್ನು ಮಾರುವ ಯಾವ ಅಂಗಡಿಗೆ ಹೋದರೂ ಪೆಟ್ಟಿಗೆಗಳ ಮೇಲೆ 1/35 ಎಂಬ ಸಂಖ್ಯೆ ಎದ್ದು ಕಾಣುತ್ತದೆ. ಅದರ ಮೂಲ ಒಂದು ಜೊತೆ ಬ್ಯಾಟರಿ ಸೆಲ್ಲಿನಲ್ಲಿದೆ.

ಹೊಟ್ಟೆಯೊಳಗೆ ಏನಿರಬೇಕು ಎಂಬುದು ಅಲ್ಲಿ ಹೊರಗಿನ ಗಾತ್ರವನ್ನು ನಿರ್ಧರಿಸಿತು. ಕಾಲ ಕಳೆದಂತೆ ಹೆಚ್ಚಿನ ಕಿಟ್‌ಗಳಿಂದ ಮೋಟಾರು ಹೋಯಿತು, ಬ್ಯಾಟರಿ ಹೋಯಿತು; ಖಾಲಿ ಹೊಟ್ಟೆ ಮಾತ್ರ ಉಳಿಯಿತು. ಹೊರಗಡೆ ಒಂದೊಂದು ಬೋಲ್ಟಿನ ತಲೆಯನ್ನೂ ಕೆತ್ತಿರುತ್ತಾರೆ. ಮುಚ್ಚಳ ತೆಗೆದರೆ ಒಳಗೆ ಬರಿಯ ಬೂದು ಗೋಡೆ, ಅಲ್ಲಲ್ಲಿ ದುಂಡನೆಯ ಗುರುತುಗಳು. ಅಚ್ಚಿನಿಂದ ಬಿಸಿ ಪ್ಲಾಸ್ಟಿಕ್ಕನ್ನು ಹೊರದಬ್ಬುವ ಪಿನ್ನುಗಳ ಗುರುತುಗಳವು. ಆ ಪಿನ್ನುಗಳು ಎಲ್ಲಾದರೂ ಒತ್ತಲೇಬೇಕು. ತಯಾರಕರು ಯಾರೂ ನೋಡದ ಕಡೆ ಒತ್ತುವಂತೆ ಅಚ್ಚನ್ನು ಮಾಡುತ್ತಾರೆ, ಅಂದರೆ ಒಳಮೈಯಲ್ಲಿ. ಈ ಖಾಲಿ ಒಳಮೈಯನ್ನು ಹಾಳೆ, ಕಡ್ಡಿ, ತಂತಿಗಳಿಂದ ಕೈಯಾರೆ ಕಟ್ಟಿ ತುಂಬುವ ಕೆಲಸಕ್ಕೆ ಹವ್ಯಾಸಿಗಳು ಸ್ಕ್ರಾಚ್ ಬಿಲ್ಡಿಂಗ್ ಎನ್ನುತ್ತಾರೆ. ಪೆಟ್ಟಿಗೆಯಲ್ಲಿ ಬಂದ ಬಿಡಿಭಾಗ ಇಲ್ಲ, ನೋಡಿ ಮಾಡಲು ನಕ್ಷೆಯೂ ಇಲ್ಲ. ವಾರ್‌ಗೇಮಿಂಗ್ ವಾಹನಗಳಲ್ಲಿ ಈ ಕೆಲಸ ಮಾಡುವವರನ್ನು ಕಂಡರೆ ನನಗೆ ವಿಶೇಷ ಗೌರವ. ಯಾಕೆ ಎಂದು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೇಜಿನ ಮೇಲೆ ಸೇನೆಗಳನ್ನು ಹೂಡಿ ಆಡುವ ಯುದ್ಧದಾಟ, ಅಂದರೆ ವಾರ್‌ಗೇಮಿಂಗ್, ಹೊಸದಲ್ಲ. 1780ರಲ್ಲಿ ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿ ಹೆಲ್ವಿಗ್ ಎಂಬಾತ ಚದುರಂಗದ ಪಟವನ್ನೇ ಹಿಗ್ಗಿಸಿ, ಚೌಕಗಳಿಗೆ ಬಣ್ಣ ಕೊಟ್ಟು ಬೆಟ್ಟ, ನೀರು, ಊರು ಎಂದು ಗುರುತಿಸಿ ಒಂದು ಸೇನಾ ಆಟ ಕಟ್ಟಿದ. 1913ರಲ್ಲಿ ಎಚ್.ಜಿ. ವೆಲ್ಸ್ ‘ಲಿಟಲ್ ವಾರ್ಸ್’ ಪುಸ್ತಕದಲ್ಲಿ ಆಟಿಕೆ ಸೈನಿಕರಿಗೂ ಸ್ಪ್ರಿಂಗ್ ತೋಪುಗಳಿಗೂ ನಿಯಮ ಬರೆದರು. ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಕಂಪನಿ 1987ರಲ್ಲಿ ‘ವಾರ್‌ಹ್ಯಾಮರ್ 40,000’ ಹೊರತಂದಿತು. ದೂರದ ಭವಿಷ್ಯದಲ್ಲಿ ನಡೆಯುವ, ದೈತ್ಯಕಾಯದ ಕವಚಧಾರಿ ಸ್ಪೇಸ್ ಮರೀನ್‌ಗಳ ಆಟ ಅದು. ಆರಂಭದ ದಿನಗಳಲ್ಲಿ ಕಿಟ್‌ಗಳೇ ಕಡಿಮೆ ಇದ್ದವು. ಖಾಲಿ ಡಿಯೋಡರೆಂಟ್ ಡಬ್ಬಿಯಿಂದ ತೇಲುವ ಯುದ್ಧವಾಹನ ಮಾಡುವುದು ಹೇಗೆ ಎಂದು ಕಂಪನಿಯೇ ಆಟಗಾರರಿಗೆ ಹೇಳಿಕೊಡುತ್ತಿತ್ತು. ಕೈಯಾರೆ ಕಟ್ಟುವುದು ಆ ಆಟದ ಹುಟ್ಟಿನಲ್ಲೇ ಬೆರೆತಿದೆ.

1988ರಲ್ಲಿ ಅದೇ ಆಟಕ್ಕೆ ರೈನೋ ಎಂಬ ಸಾಗಾಟ ವಾಹನದ ಪ್ಲಾಸ್ಟಿಕ್ ಕಿಟ್ ಬಂತು. ಪಟ್ಟಿಚಕ್ರಗಳ ಮೇಲೆ ಕೂರಿಸಿದ ಉಕ್ಕಿನ ಪೆಟ್ಟಿಗೆ. ಹೊಸ ಶತಮಾನದ ಆರಂಭದಲ್ಲಿ ಅದರ ಎರಡನೇ ಅವತಾರ ಬಂದಾಗ ಹಿಂದಿನ ರ್‍ಯಾಂಪ್, ಪಕ್ಕದ ಬಾಗಿಲು, ಮೇಲಿನ ಕದ ಎಲ್ಲವೂ ತೆರೆಯುವಂತಿದ್ದವು. ಬಾಗಿಲು ತೆರೆದದ್ದೇ ಎಲ್ಲಕ್ಕೂ ಮೂಲ. ಮುಚ್ಚಿದ ಪೆಟ್ಟಿಗೆಯನ್ನು ಯಾರೂ ಪ್ರಶ್ನಿಸುವುದಿಲ್ಲ. ತೆರೆದ ಬಾಗಿಲೊಳಗೆ ಕಣ್ಣು ತಾನಾಗಿ ಹೋಗುತ್ತದೆ, ಒಳಗೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲದಿದ್ದರೆ ಇಡೀ ವಾಹನ ಆಟದ ಬಿಲ್ಲೆಯಾಗಿಬಿಡುತ್ತದೆ. ಹಳೆಯ ನಿಯಮದ ಪ್ರಕಾರ ಹತ್ತು ಮಂದಿ ಹತ್ತುತ್ತಾರೆ, ಮೇಜಿನ ಇನ್ನೊಂದು ತುದಿಯಲ್ಲಿ ಹತ್ತು ಮಂದಿ ಇಳಿಯುತ್ತಾರೆ. ನಡುವೆ ಅವರು ಎಲ್ಲಿದ್ದರು ಎಂದು ಕೇಳಿಕೊಂಡವನಿಗೆ ಮಾತ್ರ ಒಳಾಂಗಣ ಕಟ್ಟುವ ಆಸೆ ಹುಟ್ಟುತ್ತದೆ.

ಆ ಆಸೆಯಿಂದ ಸ್ಕೇಲು ಹಿಡಿದು ಕೂತವನಿಗೆ ಮೊದಲ ಆಘಾತ ಇಲ್ಲೇ ಕಾದಿರುತ್ತದೆ. ಹತ್ತು ಮಂದಿ ಹಿಡಿಸುವುದಿಲ್ಲ.

ಲೆಕ್ಕ ಹಾಕಿ ನೋಡಿ. ರೈನೋ ಮಾದರಿಯ ಉದ್ದ ಸುಮಾರು 11 ಸೆಂ.ಮೀ. ಹಳೆಯ ಅಳತೆಯ ಒಬ್ಬ ಸ್ಪೇಸ್ ಮರೀನ್‌ನ ಭುಜಕವಚಗಳ ಅಗಲ ಹೆಚ್ಚುಕಡಿಮೆ 20 ಮಿ.ಮೀ. ಎರಡು ಬದಿಗೂ ಐದೈದು ಮಂದಿ ಭುಜಕ್ಕೆ ಭುಜ ತಾಗಿಸಿ ಕೂತರೆ ಒಂದೊಂದು ಬೆಂಚೂ 100 ಮಿ.ಮೀ. ಉದ್ದ ಇರಬೇಕು. ಅಂದರೆ ಇಡೀ ವಾಹನ ಬೆಂಚಿಗೇ ಮುಗಿದುಹೋಯಿತು. ಚಾಲಕನಿಗೆ, ಎಂಜಿನ್ನಿಗೆ, ರ್‍ಯಾಂಪಿನ ಕೀಲುಗಳಿಗೆ ಜಾಗವೇ ಇಲ್ಲ. ಅಡ್ಡಗಲದ ಸ್ಥಿತಿ ಇನ್ನೂ ಕಷ್ಟ. ಎರಡೂ ಬದಿಯ ಪಟ್ಟಿಚಕ್ರಗಳ ಪೆಟ್ಟಿಗೆಗಳು ಒಡಲಿನ ಅಗಲದಲ್ಲಿ ದೊಡ್ಡ ಪಾಲನ್ನು ತಿಂದಿರುತ್ತವೆ. ಉಳಿದ ಓಣಿಯಲ್ಲಿ ಎದುರುಬದುರು ಕೂತವರ ಮೊಣಕಾಲುಗಳು ಒಂದನ್ನೊಂದು ತಾಗುತ್ತವೆ.

ಇದು ವಿನ್ಯಾಸಕಾರರ ಅಜಾಗರೂಕತೆ ಎಂದು ತೀರ್ಪು ಕೊಡುವವರಿದ್ದಾರೆ, ನಾನು ಒಪ್ಪುವುದಿಲ್ಲ. ವಾರ್‌ಗೇಮಿಂಗ್ ಗೊಂಬೆಗಳು ತೋಳಿನಷ್ಟು ದೂರದಿಂದ ನೋಡಲೆಂದು ಮಾಡಿದಂಥವು. ಮುಖ, ಕೈ, ಆಯುಧಗಳನ್ನು ಬೇಕೆಂದೇ ದಪ್ಪ ಮಾಡಿರುತ್ತಾರೆ. ಇದಕ್ಕೆ ಹೀರೋಯಿಕ್ ಸ್ಕೇಲ್ ಎಂಬ ಹೆಸರೂ ಇದೆ. ವಾಹನವನ್ನು ಅದೇ ಪ್ರಮಾಣದಲ್ಲಿ ದೊಡ್ಡದು ಮಾಡಿದರೆ ಮೇಜಿನ ಮೇಲೆ ನಾಲ್ಕು ವಾಹನ ಇಡಲೂ ಜಾಗ ಸಾಲದು, ಬೆಲೆಯೂ ಏರುತ್ತದೆ. ಹಾಗಾಗಿ ಗೊಂಬೆ ಉಬ್ಬಿತು, ವಾಹನ ಕುಗ್ಗಿತು. ಎರಡನೇ ಮಹಾಯುದ್ಧದ ಆಟಗಳಿಗೆ ಬಳಸುವ 1/56 ವಾಹನಗಳಲ್ಲೂ ಇದೇ ತಿಕ್ಕಾಟ ಸಣ್ಣ ಪ್ರಮಾಣದಲ್ಲಿ ಇದೆ. ಹೊರಗಿನಿಂದ ನೋಡುವವರೆಗೆ ಈ ಹೊಂದಾಣಿಕೆ ಗೊತ್ತಾಗುವುದಿಲ್ಲ, ಒಳಗೆ ಒಂದು ಬೆಂಚು ಇಟ್ಟ ಕ್ಷಣ ಬಯಲಾಗುತ್ತದೆ.

ದಾರಿಗಳು ಹಲವು. ಕೆಲವರು ಒಡಲನ್ನು ಉದ್ದುದ್ದ ಕತ್ತರಿಸಿ ನಡುವೆ ಹಾಳೆ ಸೇರಿಸಿ ಅಗಲ ಮಾಡುತ್ತಾರೆ. ನೋಡಲು ಭರ್ಜರಿಯಾಗಿರುತ್ತದೆ. ಆದರೆ ಆಟದಲ್ಲಿ ಯಾರು ಯಾರಿಗೆ ಕಾಣುತ್ತಾರೆ, ಯಾವುದು ಯಾವುದರ ಮರೆಯಲ್ಲಿದೆ ಎಂಬುದನ್ನು ಮಾದರಿಯ ಅಸಲಿ ಆಕಾರ ನೋಡಿಯೇ ತೀರ್ಮಾನಿಸುವುದು. ವಾಹನ ದೊಡ್ಡದಾದರೆ ಎದುರಾಳಿಗೆ ಅನ್ಯಾಯವಾಗಬಹುದು, ನಿಮಗೂ ಆಗಬಹುದು. ಕೆಲವರು ಆಸನ ತೆಗೆದು, ಸೂರಿಗೆ ಕಂಬಿ ಹಾಕಿ, ಎಲ್ಲರನ್ನೂ ನಿಲ್ಲಿಸುತ್ತಾರೆ. ಇನ್ನು ಕೆಲವರು ಬೆಂಚಿನ ಮೇಲೆ ಹತ್ತು ಗೆರೆ ಎಳೆದು, ಗೊಂಬೆ ಕೂರಲಾರದಷ್ಟು ಚಿಕ್ಕ ಆಸನಗಳನ್ನು ಮಾಡಿ ಸುಮ್ಮನಾಗುತ್ತಾರೆ. ಈ ಕೊನೆಯದು ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ಆರೇ ಆಸನ ಮಾಡಿ, ಆದರೆ ಆ ಆರರಲ್ಲಿ ಆರು ಮಂದಿ ನಿಜವಾಗಿ ಕೂರಬೇಕು. ಹತ್ತು ಎಂಬ ಸಂಖ್ಯೆ ನಿಯಮಪುಸ್ತಕಕ್ಕೆ ಸೇರಿದ್ದು. ಆಸನದ ಅಳತೆ ಕೂರುವ ದೇಹಕ್ಕೆ ಸೇರಿದ್ದು.

ಒಳಾಂಗಣವನ್ನು ಗೋಡೆಯಿಂದ ಶುರುಮಾಡಬಾರದು, ಕೂತ ಮನುಷ್ಯನಿಂದ ಶುರುಮಾಡಬೇಕು. ಈ ಲೇಖನದಲ್ಲಿ ಗಟ್ಟಿಯಾಗಿ ಹೇಳಬೇಕಾದದ್ದು ನನಗೆ ಇದೊಂದೇ. ಒಂದು ಗೊಂಬೆಯ ಕಾಲುಗಳನ್ನು ಸೊಂಟದಲ್ಲಿ, ಮೊಣಕಾಲಲ್ಲಿ ಕತ್ತರಿಸಿ ಕೂತ ಭಂಗಿಗೆ ತನ್ನಿ. ಅದನ್ನು ಹಲಗೆಯ ಮೇಲೆ ಕೂರಿಸಿ ಅಳೆಯಿರಿ: ನೆಲದಿಂದ ತೊಡೆಯ ಕೆಳಭಾಗಕ್ಕೆ ಎಷ್ಟು, ಬೆನ್ನಿಂದ ಮೊಣಕಾಲಿಗೆ ಎಷ್ಟು, ಆಸನದಿಂದ ತಲೆಗೆ ಎಷ್ಟು. ಈ ಮೂರು ಅಳತೆಗಳಿಂದ ಉಳಿದುದೆಲ್ಲ ಹೊರಡುತ್ತದೆ. ಬೆಂಚಿನ ಎತ್ತರ ಸಿಕ್ಕಿತು, ನಡುವಿನ ಓಣಿಯ ಅಗಲ ಸಿಕ್ಕಿತು, ಸೂರಿನಲ್ಲಿ ಪೈಪು ಎಷ್ಟು ಕೆಳಗಿಳಿಯಬಹುದು ಎಂಬುದೂ ಸಿಕ್ಕಿತು. ಆಮೇಲೆ ಆ ಮನುಷ್ಯನ ಬದುಕಿನ ಪ್ರಶ್ನೆಗಳು ಬರುತ್ತವೆ. ಅವನು ಬಂದೂಕನ್ನು ಎಲ್ಲಿ ಇಡುತ್ತಾನೆ? ವಾಹನ ಕುಲುಕಿದಾಗ ಏನನ್ನು ಹಿಡಿದುಕೊಳ್ಳುತ್ತಾನೆ? ರ್‍ಯಾಂಪ್ ಬಿದ್ದಾಗ ಮೊದಲು ಏಳುವವನು ಯಾರು? ಒಂದೊಂದು ಉತ್ತರವೂ ಗೋಡೆಯ ಮೇಲೆ ಒಂದು ಕೊಕ್ಕೆ, ಒಂದು ಹಿಡಿ, ಒಂದು ಪೆಟ್ಟಿಗೆಯಾಗುತ್ತದೆ.

ಕಲ್ಪಿತ ವಾಹನಕ್ಕೆ ಇಷ್ಟೆಲ್ಲ ಯೋಚನೆಗೆ ಆಧಾರ ಎಲ್ಲಿಂದ ತರುವುದು ಎಂದರೆ, ಅಸಲಿ ವಾಹನಗಳಿಂದ. ರೈನೋವನ್ನು ನೋಡಿದವರಿಗೆ ಅಮೆರಿಕದ ಎಂ113 ನೆನಪಾಗದೆ ಇರದು. 1960ರಲ್ಲಿ ಸೇನೆಗೆ ಸೇರಿದ ಈ ಅಲ್ಯೂಮಿನಿಯಂ ಕವಚದ ಪೆಟ್ಟಿಗೆಯನ್ನು ಎಫ್‌ಎಂಸಿ ಕಂಪನಿ ತಯಾರಿಸಿತು. ಎಲ್ಲ ಬಗೆಗಳೂ ಸೇರಿ 80,000ಕ್ಕೂ ಹೆಚ್ಚು ವಾಹನಗಳು ಹೊರಬಂದವು. ಅಗಲ 2.69 ಮೀಟರ್. ಚಾಲಕ ಮುಂದೆ ಎಡಕ್ಕೆ, ಎಂಜಿನ್ ಮುಂದೆ ಬಲಕ್ಕೆ. ಹಿಂದೆ ಎರಡು ಬದಿಗೂ ಮಡಚುವ ಬೆಂಚುಗಳು, ಕೊನೆಗೆ ಕೆಳಗೆ ಬೀಳುವ ರ್‍ಯಾಂಪ್. ಇಬ್ಬರು ಸಿಬ್ಬಂದಿ, ಹನ್ನೊಂದು ಪದಾತಿಗಳು ಎಂಬುದು ಕಾಗದದ ಲೆಕ್ಕ.

ವಿಯೆಟ್ನಾಂನಲ್ಲಿ ಆ ಲೆಕ್ಕ ತಲೆಕೆಳಗಾಯಿತು. ನೆಲಬಾಂಬುಗಳ ಭಯಕ್ಕೆ ಸೈನಿಕರು ಒಳಗೆ ಕೂರುವುದನ್ನು ಬಿಟ್ಟು ವಾಹನದ ಮೇಲೆ ಕೂತು ಹೋಗತೊಡಗಿದರು. ಒಳಗಿನ ನೆಲದ ಮೇಲೆ ಮರಳಿನ ಚೀಲ ಹಾಸಿದರು, ಬೆಂಚಿನ ಜಾಗಕ್ಕೆ ಮದ್ದುಗುಂಡಿನ ಪೆಟ್ಟಿಗೆಗಳು ಬಂದವು. ಇಂಧನದ ಟ್ಯಾಂಕು ಮೊದಲು ಸೈನಿಕರ ಜೊತೆಯಲ್ಲೇ ಒಡಲೊಳಗೆ ಇತ್ತು. 1980ರ ದಶಕದ ಎಂ113ಎ3 ಮಾದರಿಯಲ್ಲಿ ಅದನ್ನು ಹೊರಗೆ, ರ್‍ಯಾಂಪಿನ ಎರಡೂ ಪಕ್ಕಕ್ಕೆ ಸಾಗಿಸಿದರು. ಒಳಾಂಗಣದ ಒಂದೊಂದು ಬದಲಾವಣೆಯ ಹಿಂದೆಯೂ ಯಾರೋ ಪಟ್ಟ ಪಾಡು ಇದೆ. ಮಾದರಿ ಕಟ್ಟುವವನಿಗೆ ಇದಕ್ಕಿಂತ ದೊಡ್ಡ ಪಾಠಶಾಲೆ ಇಲ್ಲ. ಅಚ್ಚುಕಟ್ಟಾದ ಖಾಲಿ ಬೆಂಚುಗಳು ಶೋರೂಮಿನ ವಾಹನಕ್ಕೆ ಸರಿ. ಯುದ್ಧ ಕಂಡ ವಾಹನದ ನೆಲದ ಮೇಲೆ ಏನಾದರೂ ಬಿದ್ದಿರಬೇಕು, ಗೋಡೆಗೆ ಏನಾದರೂ ತೂಗಿರಬೇಕು, ಅದಕ್ಕೆ ಕಾರಣವೂ ಇರಬೇಕು.

ಅವಕಾಶ ಇರುವವರು ಅಸಲಿ ವಾಹನವನ್ನು ಕಣ್ಣಾರೆ ನೋಡಬೇಕು. ಇಂಗ್ಲೆಂಡಿನ ಬೋವಿಂಗ್ಟನ್ ಟ್ಯಾಂಕ್ ಮ್ಯೂಸಿಯಂನಲ್ಲಿ ಸೆಂಚೂರಿಯನ್ ಟ್ಯಾಂಕೊಂದನ್ನು ಸೀಳಿ ಒಳಗಿನದೆಲ್ಲ ಕಾಣುವಂತೆ ಇಟ್ಟಿದ್ದಾರೆ. ನಮಗೆ ಹತ್ತಿರದ್ದು ಮಹಾರಾಷ್ಟ್ರದ ಅಹಮದ್‌ನಗರ, ಅಂದರೆ ಈಗಿನ ಅಹಿಲ್ಯಾನಗರದ ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂ. ಅಲ್ಲಿ ಒಳಗೆ ಇಳಿಯಲು ಆಗದಿದ್ದರೂ ಒಂದು ಕದದ ದಪ್ಪ ಎಷ್ಟು, ಅದನ್ನು ಎತ್ತಲು ಹಿಡಿ ಎಲ್ಲಿದೆ, ಮೇಲೆ ಹತ್ತಲು ಕಾಲಿಡುವ ಜಾಗ ಎಲ್ಲಿದೆ ಎಂದು ಪಕ್ಕದಲ್ಲಿ ನಿಂತು ನೋಡಿದರೂ ಸಾಕು, ಕೈಗೆ ಅಳತೆಯ ಅರಿವು ಬರುತ್ತದೆ.

ಇನ್ನು ಸಾಮಗ್ರಿ. ಈ ಕೆಲಸದ ಜೀವಾಳ ಪಾಲಿಸ್ಟೈರೀನ್ ಹಾಳೆ, ಹವ್ಯಾಸಿಗಳ ಬಾಯಲ್ಲಿ ಪ್ಲಾಸ್ಟಿಕಾರ್ಡ್. ಕಿಟ್‌ಗಳನ್ನು ಅಚ್ಚು ಹಾಕುವುದೂ ಇದೇ ಪ್ಲಾಸ್ಟಿಕ್ಕಿನಿಂದ. ಅಮೆರಿಕದ ಎವರ್‌ಗ್ರೀನ್‌ನಂಥ ಕಂಪನಿಗಳು ಇದನ್ನು 0.13 ಮಿ.ಮೀ.ನಿಂದ ಹಿಡಿದು ಹಲವು ದಪ್ಪಗಳಲ್ಲಿ, ಹಾಳೆಯಾಗಿ, ಪಟ್ಟಿಯಾಗಿ, ಕಡ್ಡಿಯಾಗಿ, ಕೊಳವೆಯಾಗಿ ಮಾರುತ್ತವೆ. ಯಾವ ದಪ್ಪವನ್ನು ಎಲ್ಲಿ ಬಳಸಬೇಕು ಎಂಬುದಕ್ಕೆ ಅಂದಾಜು ಬೇಡ, ಗುಣಾಕಾರ ಸಾಕು. 1/56ರಲ್ಲಿ 0.75 ಮಿ.ಮೀ. ಹಾಳೆ ಎಂದರೆ ಅಸಲಿಯಲ್ಲಿ 42 ಮಿ.ಮೀ. ಎಂ113ರ ಮುಂಭಾಗದ ಕವಚ 38 ಮಿ.ಮೀ. ಇರುವುದರಿಂದ ಅಂಥ ಗೋಡೆಗೆ ಈ ಹಾಳೆ ಹೆಚ್ಚುಕಡಿಮೆ ಸರಿಹೋಗುತ್ತದೆ. ಅದೇ ಹಾಳೆಯಲ್ಲಿ ಮದ್ದುಗುಂಡಿನ ಪೆಟ್ಟಿಗೆಯ ಮುಚ್ಚಳ ಮಾಡಿದರೆ ಅದು ಬ್ಯಾಂಕಿನ ತಿಜೋರಿಯ ಕದವಾಗುತ್ತದೆ. ಮುಚ್ಚಳಕ್ಕೆ 0.25 ಬೇಕು. ಒಂದು ಮೀಟರ್ ಉದ್ದದ ಬಂದೂಕು 18 ಮಿ.ಮೀ., ಒಂದು ಸೆಂ.ಮೀ. ದಪ್ಪದ ಕೇಬಲ್ಲಿಗೆ 0.2 ಮಿ.ಮೀ.ನ ತಂತಿ. ಸ್ಪೇಸ್ ಮರೀನ್‌ಗಳ ಲೋಕಕ್ಕೆ ಇಂಥದೇ ಎಂಬ ನಿಗದಿತ ಪ್ರಮಾಣ ಇಲ್ಲ. ಆದರೂ ಒಂದು ಪ್ರಮಾಣವನ್ನು ಆರಿಸಿಕೊಂಡು ಕೊನೆಯವರೆಗೂ ಅದಕ್ಕೇ ಅಂಟಿಕೊಂಡರೆ ಕಣ್ಣು ನಂಬುತ್ತದೆ.

ಸ್ಟೈರೀನ್ ಹಾಳೆಯನ್ನು ಪೂರ್ತಿ ಕತ್ತರಿಸಬೇಕಿಲ್ಲ. ಉಕ್ಕಿನ ಸ್ಕೇಲಿಟ್ಟು ಬ್ಲೇಡಿನಿಂದ ಹಗುರವಾಗಿ ಎರಡು ಸಲ ಗೀರಿ, ಗೀರಿನ ಗುಂಟ ಬಗ್ಗಿಸಿದರೆ ಪಟ್ಟನೆ ಮುರಿಯುತ್ತದೆ. ಬಗ್ಗಿಸಿದ ಬಲವೆಲ್ಲ ಗೀರಿನ ತಳದಲ್ಲಿ ಒಟ್ಟುಗೂಡುವುದರಿಂದ ಅಂಚು ನೇರವಾಗಿ ಬರುತ್ತದೆ. ಬಲ ಹಾಕಿ ಒತ್ತಿ ಕೊಯ್ದರೆ ಬ್ಲೇಡು ದಾರಿ ತಪ್ಪುತ್ತದೆ, ಅಂಚಿನಲ್ಲಿ ದಿಬ್ಬ ಏಳುತ್ತದೆ.

ಅಂಟಿನ ವಿಷಯ ಇನ್ನೂ ಸೊಗಸು. ಪ್ಲಾಸ್ಟಿಕ್ ಮಾದರಿಗೆ ಬಳಸುವ ನೀರಿನಂಥ ಅಂಟು ಅಂಟೇ ಅಲ್ಲ, ದ್ರಾವಕ. ತಮಿಯಾದ ಎಕ್ಸ್‌ಟ್ರಾ ಥಿನ್ ಸೀಸೆಯಲ್ಲಿರುವುದು ಬ್ಯುಟೈಲ್ ಅಸಿಟೇಟ್ ಮತ್ತು ಅಸಿಟೋನ್. ಎರಡು ತುಂಡುಗಳನ್ನು ಒಣದಾಗಿಯೇ ಜೋಡಿಸಿ ಹಿಡಿದು, ಸಂದಿಗೆ ಕುಂಚದ ತುದಿ ಮುಟ್ಟಿಸಿದರೆ ಸಾಕು. ದ್ರವ ಸಂದಿಯುದ್ದಕ್ಕೂ ತಾನೇ ಹರಿದುಹೋಗುತ್ತದೆ. ಅದು ಎರಡೂ ಮೈಗಳನ್ನು ಕರಗಿಸುತ್ತದೆ, ಕರಗಿದ ಸ್ಟೈರೀನಿನ ಉದ್ದುದ್ದ ಅಣುಸರಪಳಿಗಳು ಒಂದರೊಳಗೊಂದು ಹೆಣೆದುಕೊಳ್ಳುತ್ತವೆ, ದ್ರಾವಕ ಆರಿಹೋದ ಮೇಲೆ ಎರಡು ತುಂಡು ಒಂದೇ ತುಂಡಾಗಿರುತ್ತದೆ. ಕಿಟಕಿ ತೆರೆದ ಕೋಣೆಯಲ್ಲೇ ಈ ಕೆಲಸ ಮಾಡಬೇಕು. ಇನ್ನೊಂದು ಎಚ್ಚರಿಕೆಯೂ ಇದೆ. ಎಂಜಿನ್ ಗೂಡು, ಬೆಂಚಿನ ಪೆಟ್ಟಿಗೆಯಂಥ ಎಲ್ಲ ಬದಿ ಮುಚ್ಚಿದ ಆಕಾರಗಳಲ್ಲಿ ದ್ರಾವಕದ ಆವಿ ಹೊರಹೋಗಲು ದಾರಿ ಇಲ್ಲದೆ ಒಳಗೇ ಉಳಿದು ತೆಳು ಗೋಡೆಗಳನ್ನು ಮೆತ್ತಗೆ ಮಾಡುತ್ತದೆ. ದಿನಗಳ ನಂತರ ಗೋಡೆ ಒಳಕ್ಕೆ ಕುಸಿಯುತ್ತದೆ. ಕಾಣದ ಕಡೆ ಪಿನ್ ವೈಸ್ ಎಂಬ ಪುಟ್ಟ ಕೈ ಡ್ರಿಲ್ಲಿನಿಂದ ಒಂದು ಸಣ್ಣ ತೂತು ಕೊರೆದರೆ ಈ ಕಾಟ ತಪ್ಪುತ್ತದೆ.

ಆಮದು ಹಾಳೆಗಳು ದುಬಾರಿ. ಬಿಸಾಡುವ ಎಷ್ಟೋ ಪ್ಲಾಸ್ಟಿಕ್ ಡಬ್ಬಿ, ತಟ್ಟೆಗಳ ತಳದಲ್ಲಿ ತ್ರಿಕೋನದೊಳಗೆ 6 ಎಂಬ ಅಂಕಿ ಇರುತ್ತದೆ, ಅದು ಪಾಲಿಸ್ಟೈರೀನ್. ಅದರ ಚಪ್ಪಟೆ ಭಾಗಗಳು ಹಾಳೆಯಂತೆಯೇ ಕೆಲಸಕ್ಕೆ ಬರುತ್ತವೆ. ನಮ್ಮ ಸ್ಟೇಷನರಿ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಸನ್‌ಬೋರ್ಡ್ ಬೇರೆ ಜಾತಿ. ಅದು ನೊರೆಗಟ್ಟಿಸಿದ ಪಿವಿಸಿ. ಸ್ಟೈರೀನ್ ದ್ರಾವಕಕ್ಕೆ ಸರಿಯಾಗಿ ಹಿಡಿಯದು, ಸೂಪರ್ ಗ್ಲೂ ಬೇಕು. ತಂತಿಗಳ ವಿಷಯದಲ್ಲಿ ಬೆಂಗಳೂರಿನವರು ಪುಣ್ಯವಂತರು. ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಎನಾಮೆಲ್ ತಾಮ್ರದ ತಂತಿ, ಸೋಲ್ಡರ್ ತಂತಿ, ಅಕ್ಕಿಕಾಳಿಗಿಂತ ಚಿಕ್ಕ ಎಲ್‌ಇಡಿ ಎಲ್ಲವೂ ಸಿಗುತ್ತವೆ. ಕಿಟ್‌ನ ಬಿಡಿಭಾಗಗಳನ್ನು ಹಿಡಿದಿಡುವ ಸ್ಪ್ರೂ ಚೌಕಟ್ಟನ್ನೂ ಎಸೆಯಬಾರದು. ಮೇಣದಬತ್ತಿಯ ಮೇಲೆ ಕಾಯಿಸಿ ಎರಡೂ ತುದಿ ಹಿಡಿದು ಎಳೆದರೆ ಕೂದಲಿನಷ್ಟು ತೆಳ್ಳನೆಯ ಎಳೆ ಬರುತ್ತದೆ.

ನೆಲದಿಂದ ಕಟ್ಟುವುದು ಅನುಕೂಲ. ತಳಕ್ಕೆ ಒಂದು ಮಿ.ಮೀ. ಹಾಳೆ, ಮೇಲೆ ಜಾರದಂತೆ ಉಬ್ಬುಗೆರೆ ಇರುವ ಹಾಳೆ. ಒಂದು ಕಡೆ ಎಂಜಿನ್ ಗೂಡಿನ ಅಡ್ಡಗೋಡೆ, ಅದರಲ್ಲಿ ದುರಸ್ತಿಗೆ ತೆಗೆಯಬಹುದಾದ ಒಂದು ಫಲಕ. ಫಲಕ ಎಂದ ಮೇಲೆ ಅದಕ್ಕೆ ಹಿಡಿ ಬೇಕು, ಕೀಲು ಅಥವಾ ತಿರುಪು ಬೇಕು, ಅದನ್ನು ತೆಗೆಯಲು ಎದುರಿಗೆ ಜಾಗವೂ ಬೇಕು. ಬೆಂಚುಗಳನ್ನು ಪೆಟ್ಟಿಗೆಯಂತೆ ಮಾಡಿದರೆ ಒಳಗೆ ಬ್ಯಾಟರಿ ಅಡಗಿಸಬಹುದು. ಮೆತ್ತೆಗೆ ಎಪಾಕ್ಸಿ ಪುಟ್ಟಿ; ಅರ್ಧ ಗಟ್ಟಿಯಾದಾಗ ಕೂತ ಗೊಂಬೆಯನ್ನೇ ಅದರ ಮೇಲೆ ಒತ್ತಿ ತೆಗೆದರೆ, ವರ್ಷಗಟ್ಟಲೆ ಭಾರ ಹೊತ್ತ ಕುಳಿ ಮೂಡುತ್ತದೆ. ಈ ಕುಳಿಯನ್ನು ಯಾವ ಕಾರ್ಖಾನೆಯ ಕಿಟ್ಟೂ ಕೊಡುವುದಿಲ್ಲ.

ಭುಜದ ಮೇಲಿಂದ ಇಳಿದು ಹಿಡಿಯುವ ಬಂಧನದ ಕಂಬಿಗಳಿಗೆ ಒಂದು ಮಿ.ಮೀ. ಸ್ಟೈರೀನ್ ಕಡ್ಡಿ ಬಗ್ಗಿಸಬೇಕಾಗುತ್ತದೆ. ತಣ್ಣಗಿದ್ದಾಗ ಬಗ್ಗಿಸಿದರೆ ಮುರಿಯುತ್ತದೆ. ಸ್ಟೈರೀನ್ ಮೆತ್ತಗಾಗುವುದು 100 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ. ಮೊಳೆಗೆ ಸುತ್ತಿ, ಕುದಿಯುವ ನೀರಿನಲ್ಲಿ ಅದ್ದಿ, ತಕ್ಷಣ ತಣ್ಣೀರಿಗೆ ಹಾಕಿದರೆ ಬಾಗು ನಿಲ್ಲುತ್ತದೆ. ಆರು ಆಸನಕ್ಕೂ ಒಂದೇ ಮೊಳೆ ಬಳಸಿದರೆ ಆರೂ ಒಂದೇ ಥರ ಬರುತ್ತವೆ. ಪಟ್ಟಿಗಳಿಗೆ ಮಾಸ್ಕಿಂಗ್ ಟೇಪಿನ ಸೀಳು, ಬಕಲ್ಲಿಗೆ ತಂತಿಯ ತುಣುಕು.

ಗೋಡೆಯ ಮಾತು ಬಂದಾಗ ಒಂದು ಪ್ರಲೋಭನೆ ಎದುರಾಗುತ್ತದೆ. 1977ರ ‘ಸ್ಟಾರ್ ವಾರ್ಸ್’ ಚಿತ್ರಕ್ಕೆ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಸಂಸ್ಥೆಯ ಮಾದರಿಕಾರರು ಟ್ಯಾಂಕು, ವಿಮಾನಗಳ ಕಿಟ್‌ಗಳಿಂದ ತೆಗೆದ ನೂರಾರು ಬಿಡಿಭಾಗಗಳನ್ನು ಅಂತರಿಕ್ಷ ನೌಕೆಗಳ ಮೈಮೇಲೆಲ್ಲ ಅಂಟಿಸಿದರು. ಗ್ರೀಬಲ್ ಎಂದು ಕರೆಯುವ ಈ ಚೂರುಗಳಿಂದ ನೌಕೆಗಳು ಬೃಹತ್ತಾಗಿ, ಸಂಕೀರ್ಣವಾಗಿ ಕಂಡವು. ಕ್ಷಣಾರ್ಧದಲ್ಲಿ ಪರದೆಯ ಮೇಲೆ ಹಾದುಹೋಗುವ ನೌಕೆಗೆ ಅದು ಅದ್ಭುತ ಉಪಾಯ. ಮೇಜಿನ ಮೇಲೆ ಗಂಟೆಗಟ್ಟಲೆ ಕಣ್ಣೆದುರು ಇರುವ, ಬಗ್ಗಿ ಇಣುಕಿ ನೋಡುವ ವಾಹನಕ್ಕೆ ಅಷ್ಟು ಸಾಲದು. ಇಲ್ಲಿ ಪ್ರತಿ ಪೈಪೂ ಎಲ್ಲಿಂದಲೋ ಹೊರಟು ಎಲ್ಲಿಗೋ ಸೇರಬೇಕು. ಎಂಜಿನ್ ಗೂಡಿನಿಂದ ಬಂದ ಬಿಸಿಗಾಳಿಯ ಕೊಳವೆ ಸೂರಿನ ಗುಂಟ ಸಾಗಿ ಹಿಂದೆ ತೆರೆದುಕೊಳ್ಳಲಿ. ದೀಪಕ್ಕೆ ಹೋಗುವ ತಂತಿ ಒಂದು ಸ್ವಿಚ್ ಪೆಟ್ಟಿಗೆಯಿಂದ ಹೊರಡಲಿ. ರ್‍ಯಾಂಪಿನ ಪಕ್ಕ ಅದನ್ನು ಬೀಳಿಸುವ ಸನ್ನೆ ಇರಲಿ, ಅದು ಕೂತವನ ಕೈಗೆ ಎಟುಕಲಿ. ಹೀಗೆ ಮಾಡಿದಾಗ ಅಂಟಿಸುವ ಚೂರುಗಳ ಸಂಖ್ಯೆ ಕಡಿಮೆಯಾಗುತ್ತದೆ, ಒಳಾಂಗಣ ಮಾತ್ರ ತುಂಬಿ ಬಂದಂತೆ ಕಾಣುತ್ತದೆ.

ರಿವೆಟ್ಟುಗಳದ್ದು ತಾಳ್ಮೆಯ ಕೆಲಸ. ಅರ್ಧ ಮಿ.ಮೀ. ಕಡ್ಡಿಯನ್ನು ತೆಳುವಾಗಿ ಹೋಳು ಮಾಡಿ, ಬ್ಲೇಡಿನ ತುದಿಯಲ್ಲಿ ಎತ್ತಿ, ಒಂದೊಂದನ್ನೇ ಕೂರಿಸಬೇಕು. ಗಾತ್ರದಲ್ಲಿ ಸ್ವಲ್ಪ ಏರುಪೇರಾದರೂ ಕಣ್ಣು ಸಹಿಸುತ್ತದೆ, ಸಾಲು ಸೊಟ್ಟಗಾದರೆ ಸಹಿಸುವುದಿಲ್ಲ. ಮೊದಲು ಪೆನ್ಸಿಲ್ಲಿನಲ್ಲಿ ಗೆರೆ, ಗೆರೆಯ ಮೇಲೆ ಸಮದೂರದ ಚುಕ್ಕೆ, ಆಮೇಲೆ ರಿವೆಟ್ಟು.

ಚಾಲಕನ ಗೂಡು ಬಹುಪಾಲು ಕತ್ತಲಲ್ಲೇ ಇರುತ್ತದೆ. ಒಂದು ಆಸನ, ಎರಡು ಸನ್ನೆ, ಒಂದು ಫಲಕ ಸಾಕು. ಆ ಶ್ರಮವನ್ನು ರ್‍ಯಾಂಪಿನ ಬಳಿಗೆ ಉಳಿಸಿಕೊಳ್ಳುವುದು ಮೇಲು.

ಬೆಳಕಿನ ಬಗ್ಗೆ ಮಾತ್ರ ಸಂಕ್ಷೇಪ ಸಲ್ಲದು. ಯುದ್ಧವಾಹನಗಳ ಒಳಗೆ ಕೆಂಪು ದೀಪ ಹಾಕುವ ರೂಢಿ ಸಿನಿಮಾದವರ ಕಲ್ಪನೆಯಲ್ಲ. ನಮ್ಮ ಕಣ್ಣಿನ ಅಕ್ಷಿಪಟಲದಲ್ಲಿ ಮಂದ ಬೆಳಕಿಗೆ ಕೆಲಸ ಮಾಡುವ ರಾಡ್ ಕೋಶಗಳಿವೆ. ಅವು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20-30 ನಿಮಿಷ ಬೇಕು. ಒಂದು ಕ್ಷಣ ಬಿಳಿ ದೀಪ ಹತ್ತಿದರೂ ಆ ಹೊಂದಾಣಿಕೆ ಕೆಡುತ್ತದೆ. ರಾಡ್ ಕೋಶಗಳಲ್ಲಿರುವ ರೊಡಾಪ್ಸಿನ್ ಎಂಬ ವರ್ಣದ್ರವ್ಯ ಉದ್ದ ತರಂಗದ ಕೆಂಪು ಬೆಳಕಿಗೆ ಬಹಳ ಕಡಿಮೆ ಸ್ಪಂದಿಸುವುದರಿಂದ ಕೆಂಪು ದೀಪದಡಿ ಕೂತ ಸೈನಿಕ ರ್‍ಯಾಂಪ್ ಬಿದ್ದೊಡನೆ ಹೊರಗಿನ ಕತ್ತಲಲ್ಲಿ ಕಾಣಬಲ್ಲ. ಆದ್ದರಿಂದ ಸಣ್ಣ ಕೆಂಪು ಎಲ್‌ಇಡಿ ಹಾಕುವುದು ಬರಿಯ ಅಲಂಕಾರಕ್ಕಲ್ಲ, ಆ ವಾಹನ ರಾತ್ರಿ ಹೊರಟಿದೆ ಎಂದು ಹೇಳುವುದಕ್ಕೆ.

ಮೂರು ವೋಲ್ಟಿನ ಸಿಆರ್2032 ನಾಣ್ಯದ ಸೆಲ್ಲು 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪ, ಎಂಜಿನ್ ಗೂಡಿನಲ್ಲಿ ಸುಖವಾಗಿ ಹಿಡಿಯುತ್ತದೆ. ಕೆಂಪು ಎಲ್‌ಇಡಿಗೆ ಸುಮಾರು ಎರಡು ವೋಲ್ಟ್ ಸಾಕು. ಉಳಿದ ಒಂದು ವೋಲ್ಟನ್ನು 220 ಓಮ್ ರೆಸಿಸ್ಟರ್ ಹೀರಿಕೊಂಡರೆ ನಾಲ್ಕೂವರೆ ಮಿಲಿಆಂಪಿಯರ್ ಹರಿಯುತ್ತದೆ, ಅಷ್ಟು ಬೆಳಕು ಈ ಸಣ್ಣ ಕೋಣೆಗೆ ಧಾರಾಳ. ಸೆಲ್ಲು ಬದಲಿಸುವ ದಾರಿಯನ್ನು ಕಟ್ಟುವಾಗಲೇ ಬಿಡಬೇಕು. ದುರಸ್ತಿ ಫಲಕವನ್ನು ತೆಗೆಯುವಂತೆ ಮಾಡಿದ್ದರೆ ಅದೇ ದಾರಿ.

ಬಣ್ಣ ಆರಿಸುವಾಗಲೂ ಇದೇ ಬೆಳಕನ್ನು ನೆನಪಿಡಬೇಕು. ಎರಡನೇ ಮಹಾಯುದ್ಧದ ಅಮೆರಿಕನ್ ಷರ್ಮನ್ ಟ್ಯಾಂಕಿನ ಒಳಗೆ ಬಿಳಿ ಬಣ್ಣ ಇತ್ತು; ಇದ್ದ ಅಲ್ಪ ಬೆಳಕು ಗೋಡೆಯಿಂದ ಗೋಡೆಗೆ ಚಿಮ್ಮಲಿ ಎಂದು. ಮೇಲೆ ಸೂರಿಲ್ಲದ ಹಾಫ್‌ಟ್ರ್ಯಾಕ್ ವಾಹನಗಳ ಒಳಗೆ ಹೊರಗಿನ ಹಸಿರೇ ಇರುತ್ತಿತ್ತು. ಬಿಳಿ ಒಳಾಂಗಣ ವಿಮಾನದಿಂದ ಎದ್ದು ಕಾಣುತ್ತದಲ್ಲ! ಜರ್ಮನ್ನರು ದಂತದ ಬಣ್ಣ ಬಳಿದರು. ಎಂ113ರ ಒಳಗೆ ತಿಳಿಹಸಿರು. ನೀವು ಯಾವುದನ್ನಾದರೂ ಆರಿಸಿ, ಆದರೆ ಕೆಂಪು ದೀಪ ಹಾಕಿದರೆ ಕೆಂಪು ಬಣ್ಣದ ಬರಹ, ಲಾಂಛನಗಳನ್ನು ಒಳಗೆ ಬಳಸಬೇಡಿ. ಕೆಂಪು ಬೆಳಕಿನಲ್ಲಿ ಕೆಂಪು ಗೆರೆ ಬಿಳಿ ಗೋಡೆಯಲ್ಲಿ ಕರಗಿಹೋಗುತ್ತದೆ. ರಾತ್ರಿ ಓದುವ ಸೇನಾ ಭೂಪಟಗಳ ಮುದ್ರಣದಲ್ಲಿ ಇದಕ್ಕೆಂದೇ ಕೆಂಪನ್ನು ಬೇರೆ ಬಣ್ಣಕ್ಕೆ ಬದಲಿಸುತ್ತಾರೆ.

ಸವಕಳಿ ತೋರಿಸುವಲ್ಲಿ ಅನೇಕರು ಎಡವುತ್ತಾರೆ. ಸ್ಪಂಜಿನಿಂದ ಎಲ್ಲೆಡೆ ಸಮನಾಗಿ ಚುಕ್ಕೆ ಒತ್ತಿದರೆ ಗೋಡೆಗೆ ಸಿಡುಬು ಬಂದಂತಾಗುತ್ತದೆ, ಬಳಕೆ ಕಾಣುವುದಿಲ್ಲ. ನಮ್ಮ ಸಾರಿಗೆ ಬಸ್ಸಿನ ಬಾಗಿಲ ಕಂಬಿಯನ್ನು ನೋಡಿ: ಹತ್ತುವವರ ಕೈ ಬೀಳುವ ಒಂದು ಗೇಣು ಜಾಗದಲ್ಲಿ ಬಣ್ಣ ಹೋಗಿ ಲೋಹ ಹೊಳೆಯುತ್ತಿರುತ್ತದೆ, ಅದರ ಮೇಲೂ ಕೆಳಗೂ ಬಣ್ಣ ಹಾಗೇ ಇರುತ್ತದೆ. ರ್‍ಯಾಂಪಿನ ನಡು, ಬೆಂಚಿನ ಮುಂದಿನ ಅಂಚು, ಬೂಟಿನ ಹಿಮ್ಮಡಿ ತಾಗುವ ಪಟ್ಟಿ, ಸನ್ನೆಯ ತುದಿ, ಇಷ್ಟು ಕಡೆ ಲೋಹ ಕಂಡರೆ ಸಾಕು. ಮೂಲೆಗಳಿಗೆ ವಾಶ್ ಎನ್ನುವ ನೀರಾದ ಕಂದು ಬಣ್ಣ, ನೆಲಕ್ಕೆ ಮಣ್ಣಿನ ಬಣ್ಣದ ಪುಡಿ. ಬಾಗಿಲಿನಿಂದ ಒಳಗೆ ಹೋದಂತೆ ಮಣ್ಣು ಕಡಿಮೆಯಾಗಬೇಕು; ಎಲ್ಲರೂ ಬೂಟು ಒರೆಸಿಕೊಳ್ಳುವುದು ರ್‍ಯಾಂಪಿನ ಮೇಲೇ.

ಇವೆಲ್ಲ ಒಡಲು ಮುಚ್ಚುವ ಮುಂಚೆ ಆಗಬೇಕು. ನೆಲ, ಎರಡು ಗೋಡೆ, ಸೂರು ಬೇರೆ ಬೇರೆಯಾಗಿರುವಾಗಲೇ ಬಣ್ಣ ಮುಗಿಸಿ, ಅಂಟು ತಾಗುವ ಅಂಚುಗಳಿಗೆ ಮೊದಲೇ ಟೇಪು ಹಾಕಿರಬೇಕು. ದ್ರಾವಕ ಬಣ್ಣದ ಮೇಲೆ ಕೆಲಸ ಮಾಡದು, ಅದಕ್ಕೆ ಬರಿಯ ಸ್ಟೈರೀನೇ ಬೇಕು.

ಸೂರನ್ನು ಅಂಟಿಸಲೇಬಾರದು. ನಾಲ್ಕು ಮೂಲೆಗೆ 3 ಮಿ.ಮೀ. ಅಗಲ, 1 ಮಿ.ಮೀ. ದಪ್ಪದ ನಿಯೋಡಿಮಿಯಂ ಮ್ಯಾಗ್ನೆಟ್ಟುಗಳನ್ನು ಕೂರಿಸಿದರೆ ಆಟದಲ್ಲಿ ಗಟ್ಟಿಯಾಗಿ ಕೂತಿರುತ್ತದೆ, ಬೇಕೆಂದಾಗ ಉಗುರಿಗೆ ಎದ್ದು ಬರುತ್ತದೆ. ಅಂಟು ಹಾಕುವ ಮೊದಲು ಪ್ರತಿ ಮ್ಯಾಗ್ನೆಟ್ಟಿನ ಒಂದೇ ಧ್ರುವಕ್ಕೆ ಮಾರ್ಕರ್‌ನಿಂದ ಚುಕ್ಕೆ ಇಟ್ಟುಕೊಳ್ಳಬೇಕು. ಒಂದು ತಲೆಕೆಳಗಾದರೂ ಆ ಮೂಲೆ ಮುಚ್ಚುವುದೇ ಇಲ್ಲ. ಸೂರು ತೆಗೆದರೆ ಒಡಲು ಸಡಿಲವಾಗುವುದರಿಂದ ಮೇಲಿನ ಅಂಚಿನುದ್ದಕ್ಕೂ ಒಳಗಡೆ ಎರಡು ಮಿ.ಮೀ. ಚೌಕದ ಪಟ್ಟಿ ಕೊಟ್ಟು ಬಲಪಡಿಸುವುದು ಒಳ್ಳೆಯದು.

ಆಟದ ವಾಹನ ಗಾಜಿನ ಕಪಾಟಿನಲ್ಲಿ ಇರುವಂಥದ್ದಲ್ಲ. ಅದನ್ನು ಎತ್ತುತ್ತಾರೆ, ತಳ್ಳುತ್ತಾರೆ, ಚೀಲದಲ್ಲಿ ಹಾಕಿ ಊರಾಚೆಯ ಗೆಳೆಯನ ಮನೆಗೆ ಒಯ್ಯುತ್ತಾರೆ. ಹಾಗಾಗಿ ರ್‍ಯಾಂಪಿನ ಕೀಲಿಗೆ ಪ್ಲಾಸ್ಟಿಕ್ ನೆಚ್ಚದೆ ಹಿತ್ತಾಳೆ ತಂತಿ ಹಾಕಬೇಕು, ತೂಗುಬಿಟ್ಟ ಪ್ರತಿ ವಸ್ತುವಿಗೂ ಎರಡು ಕಡೆ ಅಂಟು ಇರಬೇಕು. ಮುಗಿಸಿದ ಮೇಲೆ ಒಮ್ಮೆ ಕಿವಿಯ ಬಳಿ ಹಿಡಿದು ಮೆಲ್ಲನೆ ಅಲ್ಲಾಡಿಸಿ. ಏನಾದರೂ ಕಡಕಡ ಎಂದರೆ ಆಗಲೇ ಬಿಚ್ಚಿ ಸರಿಪಡಿಸುವುದು ಲೇಸು. ಬೆಂಚು, ಗೋಡೆ, ಅಡ್ಡಗೋಡೆಗಳ ಅಳತೆಯ ರಟ್ಟಿನ ನಮೂನೆಗಳನ್ನು ಒಂದು ಲಕೋಟೆಯಲ್ಲಿ ಹಾಕಿಟ್ಟುಕೊಳ್ಳಿ. ಸೇನೆಯಲ್ಲಿ ರೈನೋ ಒಂದೇ ಇರುವುದು ಅಪರೂಪ. ಎರಡನೆಯದಕ್ಕೆ ಹಾಳೆ ಕತ್ತರಿಸಲು ಕೂತಾಗ ಅವು ಬೇಕಾಗುತ್ತವೆ.